ಅವ್ವನ ಶಾವಿಗೆ, ನನ್ನ ರೋಬೋ

ಕಳೆದ ಬೇಸಿಗೆ ರಜೆಯಲ್ಲಿ ಅಣ್ಣನ ಮಗ ವಿಜಯಪುರಕ್ಕೆ ಬಂದಿದ್ದ. ಒಂದು ಸಂಜೆ ಅವನಿಗೆ 'ದಿ ರಾಂಗ್ ಟ್ರೌಸರ್ಸ್' ಹಾಕಿ ಕೂರಿಸಿದೆ. 1993ರಲ್ಲಿ ನಿಕ್ ಪಾರ್ಕ್ ಮಾಡಿದ ಅರ್ಧ ಗಂಟೆಯ ಜೇಡಿಗೊಂಬೆ ಸಿನಿಮಾ ಅದು, ಆಸ್ಕರ್ ಕೂಡ ಬಂದಿದೆ. ವಾಲೇಸ್ ಅನ್ನೋ ಮನುಷ್ಯ ಬೆಳಿಗ್ಗೆ ಏಳೋದೇ ಇಲ್ಲ, ಮಂಚವೇ ಅವನನ್ನು ಎತ್ತಿ ಕೆಳಗಿನ ಊಟದ ಮೇಜಿಗೆ ಜಾರಿಸುತ್ತದೆ, ಯಂತ್ರ ಎಸೆದ ಜಾಮ್ ಹಾರಿ ಬರೋ ಬ್ರೆಡ್ಡಿಗೆ ಗಾಳಿಯಲ್ಲೇ ಮೆತ್ತಿಕೊಳ್ಳುತ್ತದೆ. ನಾಯಿಯನ್ನು ಸುತ್ತಾಡಿಸೋಕೂ ತಾನಾಗಿ ನಡೆಯೋ ಯಂತ್ರದ ಪ್ಯಾಂಟ್ ತರುತ್ತಾನೆ. ಆಮೇಲೆ ಬಾಡಿಗೆಗೆ ಬಂದ ಪೆಂಗ್ವಿನ್ ಅದೇ ಪ್ಯಾಂಟಿನಲ್ಲಿ ನಿದ್ದೆಯಲ್ಲಿದ್ದ ಅವನನ್ನೇ ನಡೆಸಿಕೊಂಡು ಹೋಗಿ ವಜ್ರ ಕದಿಯುತ್ತದೆ.

"ಆ ನಾಯಿಗಿ ಇದ್ದಷ್ಟು ಬುದ್ಧಿ ಆ ಮನಿಶ್ಯಾಗ ಇಲ್ಲ ನೋಡು" ಅಂದಳು ಅವ್ವ. ಹೇಳುವಾಗ ನನ್ನ ಕಡೆ ನೋಡಿದಳು.

ಕಾರಣ ಇತ್ತು ಬಿಡಿ. ಮನೆಯ ಬಲ್ಬುಗಳನ್ನೆಲ್ಲ ಫೋನಿಗೆ ಜೋಡಿಸಿದ್ದೆ. ಗೋಡೆಯ ಸ್ವಿಚ್ ಆಫ್ ಮಾಡಿದರೆ ಫೋನಿನಿಂದ ಹತ್ತಲ್ಲ, ಅದಕ್ಕೆ ಯಾರೂ ಮುಟ್ಟದಿರಲಿ ಅಂತ ಸ್ವಿಚ್ಚುಗಳ ಮೇಲೆ ಟೇಪ್ ಅಂಟಿಸಿದ್ದೆ. ಮಾತು ಕೇಳೋ ಸ್ಪೀಕರ್ ಕೂಡ ಇತ್ತು, ಅದಕ್ಕೆ ಅವ್ವನ ಕನ್ನಡ ಹತ್ತುತ್ತಿರಲಿಲ್ಲ. "ಗೋಳಗುಮ್ಮಟದಾಗ ಒಮ್ಮೆ ಒದರಿದ್ರ ಏಳು ಸಲ ಕೇಳ್ತೈತಿ, ನಿನ್ನ ಡಬ್ಬಿಗಿ ಏಳು ಸಲ ಒದರಿದ್ರೂ ಒಮ್ಮಿನೂ ಕೇಳಂಗಿಲ್ಲ" ಅಂತಿದ್ದಳು.

ಅವತ್ತು ರಾತ್ರಿ ಗಾಳಿ ಮಳೆ, ಕರೆಂಟ್ ಹೋಯಿತು. ಮಾಳಿಗೆ ಮೇಲೆ ಒಣಗಲು ಹಾಕಿದ್ದ ಶಾವಿಗೆಯನ್ನು ಅವ್ವ ಓಡಿ ಹೋಗಿ ತಂದು ಹಾಲ್‌ನಲ್ಲಿ ಹಳೆ ಸೀರೆ ಹಾಸಿ ಹರವಿದಳು. ಎಲ್ಲರೂ ಮಲಗಿದೆವು.

ರಾತ್ರಿ ಎರಡಕ್ಕೆ ಕರೆಂಟ್ ಬಂತು. ಈ ಬಲ್ಬುಗಳದ್ದು ಒಂದು ಗುಣ, ಕರೆಂಟ್ ಹೋಗಿ ಬಂದರೆ ತಾವಾಗಿಯೇ ಹತ್ತಿಕೊಳ್ಳುತ್ತವೆ. ಬಾತ್‌ರೂಮಿನದು, ದೇವರ ಮನೆಯದು, ಅಂಗಳದ್ದು, ಎಲ್ಲಾ ಒಟ್ಟಿಗೆ, ಜಾತ್ರೆ ಥರ. ಆರಿಸೋಣ ಅಂದ್ರೆ ವೈಫೈ ಇನ್ನೂ ಎದ್ದಿಲ್ಲ, ಸ್ವಿಚ್ ಒತ್ತೋಣ ಅಂದ್ರೆ ನಾನೇ ಅಂಟಿಸಿದ ಟೇಪ್, ಉಗುರಿಗೆ ತುದಿಯೇ ಸಿಗ್ತಿಲ್ಲ. ಎರಡು ನಿಮಿಷಕ್ಕೆ ನೆಟ್ ಬಂತು. ನಿದ್ದೆಗಣ್ಣಲ್ಲಿ ಫೋನಿನಲ್ಲಿ ಏನು ಒತ್ತಿದೆನೋ, ಲೈಟ್ ಆರಲಿಲ್ಲ. ಸೋಫಾ ಕೆಳಗಿಂದ ಕಸ ಗುಡಿಸೋ ರೋಬೋ ಇಂಗ್ಲಿಷಿನಲ್ಲಿ ಏನೋ ಹೇಳಿ ನೆಟ್ಟಗೆ ಶಾವಿಗೆ ಕಡೆ ಹೊರಟಿತು.

ಕರ ಕರ ಅಂತ ಸದ್ದು. ಅಂಚಿನ ಬ್ರಷ್ಷಿಗೆ ಶಾವಿಗೆ ಸುತ್ತಿಕೊಂಡು, ಮುರಿದ ಚೂರುಗಳು ಗೋಡೆಗೆ ಸಿಡಿಯುತ್ತಿವೆ. ನಾನು ಇನ್ನೂ ಫೋನಿನಲ್ಲಿ ಬಟನ್ ಹುಡುಕುತ್ತಲೇ ಇದ್ದೆ. ಅವ್ವ ಅಡುಗೆಮನೆಯಿಂದ ಬುಟ್ಟಿ ತಂದು, ಕೋಳಿ ಮುಚ್ಚಿದಂಗೆ ಅದರ ಮೇಲೆ ಬೋರಲು ಹಾಕಿದಳು. ಬುಟ್ಟಿಯೂ ಹೊರಟಿತು! ಹಾಲ್ ತುಂಬ ಗುಂಯ್ ಅಂತ ಓಡಾಡೋ ಬುಟ್ಟಿ.

"ಕಾಕಾ, ಬುಟ್ಟಿ ನಡ್ಯಾಕತ್ತೈತಿ!" ಹುಡುಗ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಕೊನೆಗೆ ಅವ್ವ ಬುಟ್ಟಿ ಎತ್ತಿ ರೋಬೋವನ್ನು ಅಂಗಾತ ಮಲಗಿಸಿದಳು. ಗಾಲಿ ಎರಡೂ ಗಾಳಿಯಲ್ಲಿ ತಿರುಗಿ ತಿರುಗಿ ನಿಂತವು. ಆಮೇಲೆ ಚಾಕು ತಂದು ಒಂದೊಂದೇ ಸ್ವಿಚ್ಚಿನ ಟೇಪ್ ಕೊಯ್ದು ಲೈಟ್ ಆರಿಸುತ್ತಾ ಹೋದಳು, ಒಂದು ಮಾತೂ ಆಡದೆ.

ಬೆಳಿಗ್ಗೆ ಬ್ರಷ್ಷಿನಿಂದ ಶಾವಿಗೆ ಬಿಡಿಸೋ ಕೆಲಸ ನನ್ನದೇ, ಮುಕ್ಕಾಲು ತಾಸು ಹಿಡಿಯಿತು. ಮಧ್ಯಾಹ್ನ ಉಳಿದ ಒಳ್ಳೆ ಶಾವಿಗೆ ಬಸಿದು, ಹುಡುಗನ ತಾಟಿಗೆ ತುಪ್ಪ, ಸಕ್ಕರೆ, ಹಾಲು ಹಾಕಿದಳು. ನಾನೂ ತಾಟು ಮುಂದೆ ಮಾಡಿದೆ.

"ನೀ ನಿನ್ನ ಡಬ್ಬಿಗಿ ಹೇಳು, ನೀಡ್ತೈತಿ" ಅಂದಳು.