ಉಜ್ಜಿಕೊಂಡರೆ ಹಿತ ಯಾಕೆ?

ಬೆಳಗ್ಗೆ ಕಾಲಿನ ಕಿರುಬೆರಳು ಮಂಚಕ್ಕೆ ಬಡಿಯಿತು. ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಕೂತು ಉಜ್ಜಿಕೊಂಡೆ, ನೋವು ಒಂಚೂರು ಇಳಿಯಿತು. ಇದು ಬರೀ ಭ್ರಮೆಯಲ್ಲ. 1965ರಲ್ಲಿ ನೋವಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದ ರೊನಾಲ್ಡ್ ಮೆಲ್ಜಾಕ್, ಪ್ಯಾಟ್ರಿಕ್ ವಾಲ್ ಹೇಳಿದ್ದು: ಬೆನ್ನುಹುರಿಯಲ್ಲಿ ಒಂದು ಗೇಟ್ ಇದ್ದ ಹಾಗೆ; ಸ್ಪರ್ಶದ ಸುದ್ದಿ ಹೊತ್ತ ದಪ್ಪ ನರತಂತುಗಳು ಚುರುಕಾದರೆ ನೋವಿನ ಸುದ್ದಿಗೆ ದಾರಿ ಕಿರಿದಾಗುತ್ತದೆ. ವಿವರಗಳನ್ನು ಆಮೇಲೆ ಸಾಕಷ್ಟು ತಿದ್ದಿದ್ದಾರೆ. ಉಜ್ಜುವ ಕೈಗೆ ಅದೆಲ್ಲ ಯಾಕೆ!

ಬೆರಳಿನದ್ದು ಮಧ್ಯಾಹ್ನಕ್ಕೆ ಮರೆತೇ ಹೋಯಿತು. ಸೊಂಟದ್ದು ಹಾಗಲ್ಲ, ಎರಡು ವರ್ಷದಿಂದ ಜೊತೆಗಿದೆ. ಸ್ಕ್ಯಾನಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. 3 ತಿಂಗಳು ದಾಟಿದರೆ ದೀರ್ಘಕಾಲದ ನೋವು ಅಂತಾರೆ; ಗಾಯ ಮಾಗಿದ ಮೇಲೂ ನರಮಂಡಲ ಎಚ್ಚರಿಕೆಯ ಗಂಟೆ ಬಾರಿಸುತ್ತಲೇ ಇರಬಹುದು. "ಹಾಗಾದರೆ ಎಲ್ಲ ಮನಸ್ಸಿನದ್ದೇ" ಅನ್ನುವವರನ್ನು ಕಂಡರೆ ಮಾತ್ರ ಮೈ ಉರಿಯುತ್ತದೆ. ಗಂಟೆ ಕೇಳಿಸುವುದು ನನಗೆ ತಾನೇ?

ಮೊದಲೆಲ್ಲ ನೋವು ಅಂದಕೂಡಲೇ ಮಲಗಿಬಿಡುತ್ತಿದ್ದೆ, ಎದ್ದಾಗ ಇನ್ನಷ್ಟು ಬಿಗಿ. ಈಗ ದಿನಕ್ಕೆ 10 ನಿಮಿಷ ನಡಿಗೆ, ಹಗುರ ಅನಿಸಿದ ದಿನವೂ ಅಷ್ಟೇ. ಆ "ಅಷ್ಟೇ" ಪಾಲಿಸುವುದೇ ಕಷ್ಟ. ನಿನ್ನೆ ಹುರುಪಿನಲ್ಲಿ 40 ನಿಮಿಷ ನಡೆದೆ. ಇವತ್ತು ಗೋಡೆ ಹಿಡಿದು ಮೆಟ್ಟಿಲಿಳಿದೆ.