ಎಕ್ಕದ ಮಿಡತೆಯ ಒಂಟಿ ಎಕ್ಸ್: ಐದು ತಿಂಗಳ ಎಣಿಕೆ

ಅಪ್ಪನ ಮೂಳೆ ಮಜ್ಜೆಯ ವರದಿಯಲ್ಲಿದ್ದ ಒಂದು ಸಾಲಿನಿಂದ ಇದೆಲ್ಲ ಶುರುವಾಯಿತು. ಎಣಿಸಿದ ಜೀವಕೋಶಗಳು 20. ಹದಿನಾಲ್ಕರಲ್ಲಿ ಇರಬೇಕಾದಂತೆ 46 ಕ್ರೋಮೋಸೋಮ್ (ಜೀನ್‌ಗಳನ್ನು ಹೊತ್ತ ಎಳೆಗಳು), ಆರರಲ್ಲಿ 45. ಆ ಆರರಲ್ಲೂ ಇಲ್ಲದಿದ್ದದ್ದು ವೈ, ಗಂಡಸರಲ್ಲಿರುವ ಕ್ರೋಮೋಸೋಮ್.

ಅಪ್ಪನಿಗೆ 74. ರಕ್ತ ಕಡಿಮೆ ಅಂತ ಪರೀಕ್ಷೆ ಮಾಡಿಸಿದ್ದೆವು. ವಯಸ್ಸಾದ ಗಂಡಸರಲ್ಲಿ ಇದು ಆಗಾಗ ಸಿಗುತ್ತದೆ, ಇದೊಂದನ್ನೇ ನೋಡಿ ಕ್ಯಾನ್ಸರ್ ಅನ್ನುವುದಿಲ್ಲ ಎಂದು ಡಾಕ್ಟರ್ ಹೇಳಿದರು. ಮನೆಗೆ ಬಂದ ಮೇಲೆ ಅಪ್ಪ ಮೆಲ್ಲಗೆ ಕೇಳಿದರು, "ವೈ ಹೋಯ್ತು ಅಂದ್ರೆ ನಾನು ಗಂಡಸಲ್ವೇನೋ?" ಕೇಳಿ ಕರುಳು ಹಿಂಡಿದಂತಾಯಿತು. ವೈ ಮೇಲೆ ಎಸ್‌ಆರ್‌ವೈ ಅನ್ನುವ ಜೀನ್ ಇದೆ, 1990ರಲ್ಲಿ ಅದನ್ನು ಗುರುತಿಸಿದರು. ತಾಯಿಯ ಹೊಟ್ಟೆಯಲ್ಲಿ ಆರೇಳು ವಾರ ಆದಾಗ ಅದು ವೃಷಣ ಆಗಲು ಚಾಲನೆ ಕೊಡುತ್ತದೆ. ಅಲ್ಲಿಗೆ ಗಂಡು ಅನ್ನುವುದು ತೀರ್ಮಾನವಾಯಿತು. 74ನೇ ವಯಸ್ಸಲ್ಲಿ ಕೆಲವು ರಕ್ತಕೋಶ ವೈ ಕಳೆದುಕೊಂಡರೆ ಅದೇನೂ ಬದಲಾಗಲ್ಲ ಅಪ್ಪಾ, ಅಂದೆ.

ಅವರಿಗೆ ಸಮಾಧಾನವಾಯಿತು, ನನಗೆ ಆಗಲಿಲ್ಲ. ನಾನು ಚಿತ್ರದುರ್ಗದ ಒಂದು ರಕ್ತ ಪರೀಕ್ಷೆ ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಸ್ಲೈಡ್ ಮಾಡುವಾಗ ಕೋಶ ಒಡೆಯುತ್ತದೆ, ಹರಡುತ್ತದೆ, ಚೂರಾಗುತ್ತದೆ. ಆ ವೈ ಅಪ್ಪನ ಮೈಯಲ್ಲೇ ಹೋಗಿತ್ತೋ, ಗಾಜಿನ ಮೇಲೆ ಹೋಯಿತೋ? ವರದಿ ಕೊಟ್ಟ ಲ್ಯಾಬ್‌ನವರಿಗೆ ಹೇಗೆ ಖಾತ್ರಿ? ನಾನೇ ಎಣಿಸಿ ನೋಡಬೇಕು ಅನ್ನಿಸಿತು.

ಆಗಸ್ಟ್

ಎಣಿಸಲು ಎಕ್ಕದ ಮಿಡತೆ ಆರಿಸಿಕೊಂಡೆ. ಹಳದಿ ಮೈ, ನೀಲಿ ಹಸಿರು ಪಟ್ಟೆ, ನಮ್ಮ ಕಡೆ ಬೇಲಿ ಸಾಲಿನ ಎಕ್ಕದ ಗಿಡದಲ್ಲೆಲ್ಲ ಸಿಗುತ್ತದೆ. ಕ್ರೋಮೋಸೋಮ್ ದೊಡ್ಡವು, ಸಂಖ್ಯೆ ಕಡಿಮೆ. ಹೆಣ್ಣಿಗೆ 20, ಗಂಡಿಗೆ 19. ಗಂಡಿಗೆ ವೈ ಅನ್ನುವುದೇ ಇಲ್ಲ. ಎಕ್ಸ್ ಅನ್ನುವ ಕ್ರೋಮೋಸೋಮ್ ಎರಡಿದ್ದರೆ ಹೆಣ್ಣು, ಒಂದೇ ಇದ್ದರೆ ಗಂಡು. ಒಂದು ಕ್ರೋಮೋಸೋಮ್ ಕಡಿಮೆ ಇರುವುದೇ ಸಹಜವಾಗಿರುವ ಜೀವಿ ಇದು.

ಹಿಡಿದದ್ದು ಹೊಳಲ್ಕೆರೆ ರಸ್ತೆಯ ಪಕ್ಕ, ಪರಿಚಯದವರ ಹೊಲದ ಬದುವಿನಲ್ಲಿ. ಜೋಗಿಮಟ್ಟಿ ಕಾಡಿನ ಕಡೆ ಹೋಗಲಿಲ್ಲ, ಹೋಗಲೂಬಾರದು. ಅಕ್ಕನ ಮಗ ಜೊತೆಗಿದ್ದ. ಮರಿ ಮಿಡತೆಯನ್ನು ಹಿಡಿದರೆ ಬೆನ್ನಿನಿಂದ ದ್ರವ ಚಿಮ್ಮಿಸುತ್ತದೆ. ಎಕ್ಕದ ಹಾಲೂ ಕಣ್ಣಿಗೆ ಕೆಟ್ಟದ್ದು. ಇಬ್ಬರೂ ಕನ್ನಡಕ ಹಾಕಿಕೊಂಡೇ ಹಿಡಿದೆವು. "ಮಾಮ, ಇದು ಗಂಡಾ ಹೆಣ್ಣಾ?" ಅಂತ ಪ್ರತಿಯೊಂದಕ್ಕೂ ಕೇಳುತ್ತಿದ್ದ. ಹೆಣ್ಣು ದೊಡ್ಡದು, ಬಾಲದ ತುದಿಯಲ್ಲಿ ಮಣ್ಣು ತೋಡಿ ಮೊಟ್ಟೆ ಇಡಲು ಗಟ್ಟಿ ಕವಲುಗಳಿರುತ್ತವೆ. ಸಂಜೆ ಹೊತ್ತಿಗೆ ಅವನೇ ಹೇಳುತ್ತಿದ್ದ.

ಸೆಪ್ಟೆಂಬರ್

ಇಡೀ ತಿಂಗಳು ಒಂದೂ ಒಳ್ಳೆ ಸ್ಲೈಡ್ ಆಗಲಿಲ್ಲ. ಮಿಡತೆಯನ್ನು ಮೊದಲು ಫ್ರೀಜರ್‌ನಲ್ಲಿ ಇಡುತ್ತೇನೆ. ಆಮೇಲೆ ಹೊಟ್ಟೆ ಬಿಡಿಸಿದರೆ ಮೇಲುಗಡೆ ಹಳದಿ ಗೊಂಚಲು ಕಾಣುತ್ತದೆ, ಅದೇ ವೃಷಣ. ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಅಸಿಟಿಕ್ ಆಸಿಡ್‌ನಲ್ಲಿ ನೆನೆಸಬೇಕು. ಒಂದು ಎಳೆ ಸ್ಲೈಡ್ ಮೇಲಿಟ್ಟು ಅಸಿಟೋಕಾರ್ಮಿನ್ ಬಣ್ಣ ಹಾಕಿ, ಕವರ್‌ಸ್ಲಿಪ್ ಮುಚ್ಚಿ, ಬ್ಲಾಟಿಂಗ್ ಪೇಪರ್ ಮೇಲಿಂದ ಹೆಬ್ಬೆರಳಲ್ಲಿ ಒತ್ತಬೇಕು.

ಆ ಒತ್ತುವುದರಲ್ಲೇ ಕೆಲಸವೆಲ್ಲ ಇದೆ. ನೇರ ಕೆಳಗೆ ಒತ್ತಬೇಕು. ಕೂದಲೆಳೆಯಷ್ಟು ಪಕ್ಕಕ್ಕೆ ಜಾರಿದರೂ ಕೋಶಗಳು ಸುರುಳಿ ಸುತ್ತಿಕೊಳ್ಳುತ್ತವೆ. ಬಣ್ಣವೂ ಸರಿಯಾಗಿ ಹಿಡಿಯುತ್ತಿರಲಿಲ್ಲ. ದಾವಣಗೆರೆಯಲ್ಲಿರುವ ನಮ್ಮ ನಿವೃತ್ತ ಪ್ರಾಣಿಶಾಸ್ತ್ರ ಮೇಡಂಗೆ ಫೋನ್ ಮಾಡಿದೆ. "ಕಬ್ಬಿಣದ ಸೂಜಿಯಿಂದ ಬಣ್ಣ ಕಲಕಪ್ಪಾ, ಸ್ಟೀಲ್ ಬೇಡ" ಅಂದರು. ಕಬ್ಬಿಣದ ಅಂಶ ಸ್ವಲ್ಪ ಇಳಿದರೆ ಕಾರ್ಮಿನ್ ಕಪ್ಪಗೆ ಹಿಡಿಯುತ್ತದೆ. ಮಾರನೇ ದಿನವೇ ಬದಲಾಯಿತು.

ಅಕ್ಟೋಬರ್

ಕಂಡಿತು! ವೀರ್ಯಾಣು ಆಗುವ ಹಾದಿಯಲ್ಲಿ ಕ್ರೋಮೋಸೋಮ್‌ಗಳು ಜೋಡಿ ಜೋಡಿಯಾಗಿ ನಿಲ್ಲುತ್ತವೆ. ಒಂಬತ್ತು ಜೋಡಿ, ಪಕ್ಕದಲ್ಲಿ ಜೊತೆಯಿಲ್ಲದ ಒಂದು. ಆ ಒಂದೇ ಎಕ್ಸ್. ಅದಕ್ಕೂ ಮೊದಲಿನ ಹಂತದ ಕೋಶಗಳಲ್ಲಿ ಉಳಿದವೆಲ್ಲ ದಾರದ ಉಂಡೆಯಂತೆ ಇದ್ದರೆ ಎಕ್ಸ್ ಮಾತ್ರ ಕಪ್ಪು ಚುಕ್ಕೆಯಾಗಿ ಎದ್ದು ಕಾಣುತ್ತದೆ. ಕೋಶ ಎರಡಾಗಿ ವಿಭಜನೆಯಾಗುವಾಗ ಅದು ಒಂದೇ ಬದಿಗೆ ಹೋಗುತ್ತದೆ. ಹಾಗಾಗಿ ಅರ್ಧ ವೀರ್ಯಾಣುಗಳಲ್ಲಿ ಎಕ್ಸ್ ಇದೆ, ಅರ್ಧದಲ್ಲಿ ಇಲ್ಲ. ಮರಿ ಗಂಡೋ ಹೆಣ್ಣೋ ಅನ್ನುವುದು ಅಲ್ಲಿ ತೀರ್ಮಾನ ಆಗುತ್ತದೆ. ರಾತ್ರಿ ಹನ್ನೊಂದೂವರೆಗೆ ಅಪ್ಪನನ್ನು ಎಬ್ಬಿಸಿ ತೋರಿಸಿದೆ.

ಅಪ್ಪನ ವರದಿಯಂತೆಯೇ 20 ಕೋಶ ಎಣಿಸಿದೆ. ಹದಿನೈದರಲ್ಲಿ ಲೆಕ್ಕ ಸರಿಯಾಗಿತ್ತು, ಒಂಬತ್ತು ಜೋಡಿ ಮತ್ತು ಒಂದು ಒಂಟಿ. ಐದರಲ್ಲಿ ಕಡಿಮೆ. ಆ ಐದನ್ನು ಬಿಡಿಸಿ ನೋಡಿದೆ. ಒಂದರಲ್ಲಿ ದೊಡ್ಡ ಜೋಡಿ ಇಲ್ಲ, ಎರಡರಲ್ಲಿ ಬೇರೆ ಬೇರೆ ಸಣ್ಣ ಜೋಡಿ ಇಲ್ಲ, ಒಂದರಲ್ಲಿ ಎರಡು ಜೋಡಿ ಇಲ್ಲ, ಒಂದರಲ್ಲಿ ಮಾತ್ರ ಎಕ್ಸ್ ಇಲ್ಲ.

ಇಲ್ಲಿ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಹೆಬ್ಬೆರಳ ಒತ್ತಡಕ್ಕೆ ಕೋಶ ಒಡೆದರೆ ಸಿಕ್ಕಿದ್ದು ಹೋಗುತ್ತದೆ, ಇಂಥದ್ದೇ ಅಂತಿಲ್ಲ. ಅಪ್ಪನ ಆರು ಕೋಶಗಳಲ್ಲಿ ಹೋದದ್ದು ಒಂದೇ, ವೈ. ಮೇಡಂಗೆ ಹೇಳಿದಾಗ ಅವರು ನಿಯಮವನ್ನೇ ಹೇಳಿದರು: ಮೂರು ಅಥವಾ ಹೆಚ್ಚು ಕೋಶಗಳಲ್ಲಿ ಅದೇ ಒಂದು ಕ್ರೋಮೋಸೋಮ್ ಇಲ್ಲದಿದ್ದರೆ ಮಾತ್ರ ಲ್ಯಾಬ್‌ನವರು ಅದನ್ನು ನಿಜವಾದ ನಷ್ಟ ಅಂತ ಬರೆಯುತ್ತಾರೆ. ಯಾವುದೋ ಒಂದು ತಾಯಿಕೋಶ ವೈ ಕಳೆದುಕೊಂಡು, ಅದರ ಸಂತಾನ ಹರಡಿದೆ ಅಂತ ಅರ್ಥ.

ಆಮೇಲೆ ಒಂದಷ್ಟು ಓದಿದೆ. 2019ರಲ್ಲಿ ಬ್ರಿಟನ್‌ನ ಎರಡು ಲಕ್ಷಕ್ಕೂ ಹೆಚ್ಚು ಗಂಡಸರ ರಕ್ತ ನೋಡಿದಾಗ, ಐವರಲ್ಲಿ ಒಬ್ಬರಿಗೆ ವೈ ಕಳೆದುಕೊಂಡ ಕೋಶಗಳು ಸಿಕ್ಕವು. ವಯಸ್ಸಾದಷ್ಟೂ ಜಾಸ್ತಿ, ಹೊಗೆಬತ್ತಿ ಸೇದುವವರಲ್ಲಿ ಇನ್ನೂ ಜಾಸ್ತಿ. ಅಪ್ಪ ಮೂವತ್ತು ವರ್ಷ ಬೀಡಿ ಸೇದಿದವರು. ಇದು ರಕ್ತದ ಮಾತು. ಗಡ್ಡೆಯ ಕೋಶಗಳೇ ವೈ ಕಳೆದುಕೊಂಡರೆ ಕಥೆ ಬೇರೆ. 2023ರಲ್ಲಿ ಮೂತ್ರಕೋಶದ ಕ್ಯಾನ್ಸರ್ ಬಗ್ಗೆ ಬಂದ ಅಧ್ಯಯನದಲ್ಲಿ, ವೈ ಇಲ್ಲದ ಗಡ್ಡೆ ಇಲಿಗಳಲ್ಲಿ ಬೇಗ ಬೆಳೆಯಿತು. ಅದು ಸುತ್ತಲಿನ ಟಿ ಕೋಶಗಳನ್ನು, ಅಂದರೆ ಗಡ್ಡೆಯ ವಿರುದ್ಧ ಹೋರಾಡುವ ರಕ್ಷಣಾ ಕೋಶಗಳನ್ನು, ಸುಸ್ತು ಮಾಡಿಬಿಡುತ್ತದೆ. ಆದರೆ ಟಿ ಕೋಶಗಳಿಗೆ ಬ್ರೇಕ್ ಹಾಕುವ ಪಿಡಿ-1 ಅನ್ನು ತಡೆದು ಅವನ್ನು ಮತ್ತೆ ಎಬ್ಬಿಸುವ ಔಷಧಿಗೆ ಅಂಥ ಗಡ್ಡೆಯೇ ಹೆಚ್ಚು ಬಗ್ಗಿತು. ಈ ಸಂಗತಿಯನ್ನು ನಾನು ಮೂರು ಸಲ ಓದಿದೆ. ವೈ ಅಂದರೆ ಗಂಡು ಮಾಡುವ ಗುಂಡಿ ಅಷ್ಟೇ ಅಂತ ಕಾಲೇಜಲ್ಲಿ ತಿಳಿದಿದ್ದೆ. ಅದರ ಮೇಲೆ ಯುಟಿವೈ, ಕೆಡಿಎಂ5ಡಿ ತರಹದ ಜೀನ್‌ಗಳು ಮೈಯ ಬೇರೆ ಕೋಶಗಳಲ್ಲೂ ಕೆಲಸ ಮಾಡುತ್ತವೆ ಅನ್ನುವುದು ನನಗೆ ಹೊಸದು.

ನವೆಂಬರ್, ಡಿಸೆಂಬರ್

ಹೆಣ್ಣಿನ ಸರದಿ. ಇದು ಕಷ್ಟ. ಕರುಳಿನ ಮೊದಲ ಭಾಗದ ಚೀಲಗಳಲ್ಲಿ ವಿಭಜನೆಯಾಗುತ್ತಿರುವ ಕೋಶ ಹುಡುಕಬೇಕು, ಅದಕ್ಕೆ ಮೊದಲು ಕಾಲ್ಚಿಸಿನ್ ಕೊಟ್ಟು ಕೋಶಗಳನ್ನು ವಿಭಜನೆಯ ಹಂತದಲ್ಲೇ ನಿಲ್ಲಿಸಬೇಕು. ಕಾಲ್ಚಿಸಿನ್ ವಿಷ, ಮನೆಯಲ್ಲಿ ಇಡುವುದಲ್ಲ. ದಾವಣಗೆರೆಗೆ ಬಸ್ಸಿನಲ್ಲಿ ಮಿಡತೆ ಡಬ್ಬಿ ಹಿಡಿದು ಹೋದೆ. ಮೇಡಂ ತಮಗೆ ಪರಿಚಯದ ಲ್ಯಾಬ್‌ನಲ್ಲಿ ನಿಂತು ಮಾಡಿಸಿದರು.

ಮೊದಲ ಹೆಣ್ಣು ಕೋಶದಲ್ಲಿ ಎಣಿಸಿದ್ದು 19. ಎದೆ ಧಸಕ್ ಅಂತು. ಹೆಣ್ಣಲ್ಲೂ 19 ಅಂದರೆ ಹೇಳಿದ್ದೆಲ್ಲ ಸುಳ್ಳಾಗುತ್ತದಲ್ವಾ? ಮೇಡಂ ನೂರು ವರ್ಷ ಹಿಂದಿನ ಕಥೆ ಹೇಳಿದರು. 1902ರಲ್ಲಿ ಅಮೆರಿಕದ ವಿಜ್ಞಾನಿ ಮೆಕ್ಲಂಗ್, ಮಿಡತೆಯ ಈ ಒಂಟಿ ಕ್ರೋಮೋಸೋಮೇ ಗಂಡು ಮಾಡುತ್ತದೆ ಅಂದುಬಿಟ್ಟರು. ಅವರ ಶಿಷ್ಯ ಸಟನ್ ಗಂಡಲ್ಲಿ 23, ಹೆಣ್ಣಲ್ಲಿ 22 ಎಣಿಸಿದ್ದರು. ಹೆಣ್ಣಲ್ಲಿ ನಿಜಕ್ಕೂ ಇದ್ದದ್ದು 24. 1905ರಲ್ಲಿ ವಿಜ್ಞಾನಿ ನೆಟ್ಟಿ ಸ್ಟೀವನ್ಸ್ ಹಿಟ್ಟಿನ ಹುಳುವಿನ ಗಂಡು ಹೆಣ್ಣು ಎರಡರ ಕೋಶಗಳನ್ನೂ ಎಣಿಸಿದರು. ಹೆಣ್ಣಿಗೆ 20 ದೊಡ್ಡವು, ಗಂಡಿಗೆ 19 ದೊಡ್ಡವು ಮತ್ತು ಒಂದು ಚಿಕ್ಕದು. ಆ ಚಿಕ್ಕದೇ ವೈ.

ಹೆಣ್ಣಿನಲ್ಲಿ ಇವತ್ತಿಗೆ ಎಣಿಸಲು ಬಂದಿರುವ ಕೋಶ ಏಳು. ಐದರಲ್ಲಿ 20, ಎರಡರಲ್ಲಿ 19. ಆ ಎರಡರ ಅಂಚೂ ಹರಿದಿದೆ, ಫೋಟೋದಲ್ಲಿ ಸ್ಪಷ್ಟ. ಆದರೂ ಅವನ್ನು ಲೆಕ್ಕದಿಂದ ತೆಗೆದಿಲ್ಲ, ಹಾಗೇ ಬರೆದಿಟ್ಟಿದ್ದೇನೆ. ಇನ್ನೂ ಹದಿಮೂರು ಕೋಶ ಬೇಕು. ಬದುವಿನ ಎಕ್ಕದ ಗಿಡಗಳು ಈಗ ಖಾಲಿ. ಮಹಡಿ ಮೇಲಿನ ಕುಂಡದಲ್ಲಿ ಒಂದು ಹೆಣ್ಣು ಮೊಟ್ಟೆ ಇಟ್ಟು ಹೋಗಿದೆ. ಕುಂಡದ ಮೇಲೆ ಬಲೆ ಕಟ್ಟಿದ್ದೇವೆ. ಮಣ್ಣು ಪೂರ್ತಿ ಒಣಗದಂತೆ ಅಪ್ಪ ಬೆಳಿಗ್ಗೆ ಒಂದು ಚಮಚ ನೀರು ಹಾಕುತ್ತಾರೆ.