ಎಂಟುನೂರು ಬಿತ್ತನೆ ಗೆಡ್ಡೆ

ನಮ್ಮ ಕಾಲದ ಬಿ.ಎ. ನೋಟ್ಸಿನಲ್ಲಿ ಚಿನುವಾ ಅಚಿಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ (1958) ಎಂದರೆ ವಸಾಹತುಶಾಹಿ, ಸಂಸ್ಕೃತಿಗಳ ಸಂಘರ್ಷ, ಅಷ್ಟೇ. ಹತ್ತು ಅಂಕದ ಪ್ರಶ್ನೆಗೆ ಅದು ಸಾಕಾಗುತ್ತಿತ್ತು. ಆದರೆ 25 ಅಧ್ಯಾಯಗಳ ಈ ನೈಜೀರಿಯಾದ ಕಾದಂಬರಿಯ ಮೊದಲ ಭಾಗಕ್ಕೇ 13 ಅಧ್ಯಾಯ ಹೋಗುತ್ತದೆ. ಅಲ್ಲಿ ಬಿಳಿಯರೆಂದರೆ ಎಂಟನೇ ಅಧ್ಯಾಯದ ಒಂದು ತಮಾಷೆ ಮಾತು ಮಾತ್ರ. ಹಾಗಾದರೆ ಅಷ್ಟು ಪುಟ ಏನು ನಡೆಯುತ್ತದೆ? ಬೇಸಾಯ. ಈಗ ಓದುವವರು ಯಾಮ್ ಲೆಕ್ಕ ಹಿಡಿದು ಓದಿ ನೋಡಲಿ.

ಮೊದಲು ಯಾಮ್ ಯಾವುದೆಂದು ತಿಳಿಯಬೇಕು. ಸಿಹಿಗೆಣಸು ಎಂದುಕೊಂಡರೆ ಕೆಟ್ಟಿತು, ಅದು ನೆಲದ ಮೇಲೆ ಹರಿಯುವ ಬಳ್ಳಿ. ಸುವರ್ಣಗೆಡ್ಡೆಯೂ ಅಲ್ಲ, ಅದು ಒಂಟಿ ದಂಟಿನ ಮೇಲೆ ಛತ್ರಿಯ ಹಾಗೆ ನಿಲ್ಲುತ್ತದೆ. ಯಾಮ್ ಕೋಲು ಹತ್ತುವ ಬಳ್ಳಿ. ನಮ್ಮ ಜೋಯಿಡಾದ ಕುಣಬಿಗಳು ಬೆಳೆಯುವ ಗೆಡ್ಡೆಗಳಲ್ಲಿ ಇದರ ಬಳಗದವೂ ಇವೆ. ಗುಡ್ಡೆ ಮಾಡಿದ ಮಣ್ಣಿನಲ್ಲಿ ನೆಡಬೇಕು, ನೆಲದ ಕಾವು ಎಳೆ ಕುಡಿಗೆ ತಾಗದಂತೆ ಸುತ್ತ ಕತ್ತಾಳೆ ಎಲೆ ಇಡಬೇಕು, ಮೊದಲು ಸಣ್ಣ ಕಡ್ಡಿ, ಆಮೇಲೆ ಮರದ ದೊಡ್ಡ ಕೊಂಬೆ ಊರಬೇಕು. ಕಳೆ ಮೂರು ಸಲ. ಅದು ಹೆಂಗಸರ ಕೆಲಸ. ಆದರೂ ಯಾಮ್ ಗಂಡಸಿನ ಬೆಳೆ. ಹೆಂಗಸರ ಪಾಲಿಗೆ ಕೆಸುವಿನ ಗೆಡ್ಡೆ, ಮರಗೆಣಸು, ಅವರೆಯಂಥ ಕಾಳು. ಬಿತ್ತನೆಗೆ ಮುಂಚಿನ ಶಾಂತಿವಾರದಲ್ಲಿ ಹೆಂಡತಿಯನ್ನು ಹೊಡೆದ ಕಥಾನಾಯಕ ಒಕೊಂಕ್ವೊಗೆ ಒಂದು ಮೇಕೆ, ಒಂದು ಕೋಳಿ, ಒಂದು ಬಟ್ಟೆ, 100 ಕವಡೆ ದಂಡ ಬೀಳುವುದೂ ಇದಕ್ಕೇ: ಭೂದೇವಿ ಮುನಿದರೆ ಇಡೀ ಊರಿನ ಬೆಳೆ ಹೋಗುತ್ತದೆ.

ಇನ್ನು ಲೆಕ್ಕ. ಅಪ್ಪನಿಂದ ಬಿಡಿಗಾಸೂ ಬರದ ಒಕೊಂಕ್ವೊ ಒಂದು ಗಡಿಗೆ ತಾಳೆ ಹೆಂಡ, ಒಂದು ಹುಂಜ ಹಿಡಿದು ಸಾಹುಕಾರ ನ್ವಾಕಿಬಿಯೆಯ ಮನೆಗೆ ಹೋಗುತ್ತಾನೆ. ಸಿಕ್ಕಿದ್ದು ‘ಎರಡು ನಾನೂರು’ ಬಿತ್ತನೆ ಗೆಡ್ಡೆ. ಇದು ಬರೀ ಮಾತಿನ ಚಂದವಲ್ಲ. ಕಾದಂಬರಿಯ ಜನ ಇಗ್ಬೊಗಳು, ಅವರ ಎಣಿಕೆ ಇಪ್ಪತ್ತರದು, ಇಪ್ಪತ್ತಿಪ್ಪತ್ತಲೆ ನಾನೂರಕ್ಕೆ ಬೇರೆಯದೇ ಹೆಸರಿದೆ. ಅಪ್ಪನ ಗೆಳೆಯನೊಬ್ಬನಿಂದ ಇನ್ನೂ 400. ಪಾಲಿಗೆ ತಂದದ್ದರಲ್ಲಿ ದುಡಿದವನಿಗೆ ಉಳಿಯುವುದು ಮೂರರಲ್ಲೊಂದು ಪಾಲು. ಮೊದಲ ಮಳೆ ನಂಬಿ ನೆಟ್ಟ ಸ್ವಂತದ 400 ಗೆಡ್ಡೆ ಬಿಸಿಲಿಗೆ ಸುಟ್ಟುಹೋದವು. ಉಳಿದದ್ದನ್ನು ನೆಟ್ಟರೆ ಬಿಡದ ಮಳೆ ಕೊಳೆಸಿತು.

ಗಡೀಪಾರಾಗಿ ತಾಯಿಯ ಊರಿಗೆ ಬಂದಾಗ ಸೋದರಮಾವನ ಐದು ಮಕ್ಕಳು ತಲಾ 300ರಂತೆ ಕೊಡುತ್ತಾರೆ. ಒಟ್ಟು 1500, ಪಾಲು ಕೇಳದೆ. ತಾಯಿಯ ಕಡೆಯದು ಎಂದರೆ ಹಗುರವೆಂದು ನೋಡುವವನಿಗೆ ಬದುಕಿನಲ್ಲೇ ದೊಡ್ಡ ಬಂಡವಾಳ ಬಂದದ್ದು ಅಲ್ಲಿಂದ. ಅವನಿಗೆ ಅದು ಕಾಣುವುದಿಲ್ಲ. ನೋಟ್ಸು ಬರೆದವರಿಗೂ ಕಂಡಿರಲಿಲ್ಲ ಬಿಡಿ. ಅತ್ತ ಅವನ ಸ್ವಂತ ಗೆಡ್ಡೆಗಳಲ್ಲಿ ಕೆಲವನ್ನು ಮಾರಿ, ಕೆಲವನ್ನು ಪಾಲಿಗೆ ಕೊಟ್ಟು, ಗೆಳೆಯ ಒಬಿಯೆರಿಕ ಕವಡೆ ಚೀಲ ಹೊತ್ತು ಬರುತ್ತಾನೆ. ಪಾಲಿಗೆ ಬೇಡಿದವನು ಪಾಲಿಗೆ ಕೊಡುವವನಾದ.

ಮೂರನೇ ಭಾಗದಲ್ಲಿ ಯಾಮ್ ಮಾತು ಹಿಂದೆ ಸರಿಯುತ್ತದೆ. ಬಿಳಿಯರ ಹೊಸ ಅಂಗಡಿಯಿಂದ ತಾಳೆ ಎಣ್ಣೆಗೂ ಬೀಜಕ್ಕೂ ಹಿಂದೆಂದೂ ಇಲ್ಲದ ಬೆಲೆ ಬಂದಿದೆ. ಜಿಲ್ಲೆಯ ಬ್ರಿಟಿಷ್ ಕಮಿಷನರ್ ಹಾಕಿದ ದಂಡ 200 ಚೀಲ ಕವಡೆ. ಕೋರ್ಟಿನ ಜವಾನರು ಊರಿಗೆ ಹೇಳಿದ್ದು 250. ಐವತ್ತು ಯಾರ ಜೇಬಿಗೆಂದು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ.

ಕೊನೆಗೆ ಒಕೊಂಕ್ವೊನ ಹೆಣ ಮರದಲ್ಲಿ ತೂಗುವುದನ್ನು ಕಂಡ ಕಮಿಷನರ್, ತಾನು ಬರೆಯಲಿರುವ ಪುಸ್ತಕದಲ್ಲಿ ಇವನಿಗೆ ಒಂದು ಅಧ್ಯಾಯ ಬೇಡ, ಒಂದು ಪ್ಯಾರಾ ಸಾಕು ಎಂದುಕೊಳ್ಳುತ್ತಾನೆ. ಅದನ್ನು ಓದಿದ ಮೇಲೆ ಮೂರನೇ ಅಧ್ಯಾಯ ತೆಗೆಯಿರಿ. ಯಾಮ್ ಕೊಳೆತ ಆ ವರ್ಷ ರೈತನೊಬ್ಬ ತನ್ನ ಬಟ್ಟೆಯನ್ನೇ ಕೊಂಬೆಗೆ ಕಟ್ಟಿ ನೇಣು ಹಾಕಿಕೊಂಡಿದ್ದ. ಅವನಿಗೆ ಹೆಸರಿಲ್ಲ. ಅಚಿಬೆ ಅವನಿಗೆ ಕೊಟ್ಟದ್ದು ಒಂದೇ ವಾಕ್ಯ.